ಆರದ ಒಲೆಯ ಮನೆತನ

ಪೊಲ್ತಾವಾ,
12 ಫೆಬ್ರವರಿ 2017

ಅಪ್ಪಾ,

ಈ ಸುದ್ದಿಯನ್ನು ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ವೆರ್ಬಿವ್ಕಾದ ಮನೆಮನೆಗೆ ಮೂವತ್ತು ವರ್ಷ ಅಂಚೆ ಹಂಚಿದ ನೀವು ‘ಮುದ್ರೆ ಬಿದ್ದದ್ದೇ ಮಾತು, ಮಿಕ್ಕದ್ದೆಲ್ಲ ಗಾಳಿ’ ಎನ್ನುವವರು. ಹಾಗಾಗಿ ಮುದ್ರೆ ಹಾಕಿಸಿ ಹೇಳುತ್ತಿದ್ದೇನೆ. ನಾನು ಮದುವೆಯಾಗುತ್ತಿದ್ದೇನೆ. ನಲವತ್ತೊಂದನೆಯ ವಯಸ್ಸಿನಲ್ಲಿ. ನಗಬೇಡಿ.

ಅವರ ಹೆಸರು ಮಾರ್ಕಿಯಾನ್ ಮೆಲ್ನಿಕ್. ರೈಲ್ವೆ ಸೇತುವೆಗಳನ್ನು ಪರೀಕ್ಷಿಸುವ ಕೆಲಸ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವು. ಹದಿಮೂರರ ಮಗಳಿದ್ದಾಳೆ, ಸೊಲೊಮಿಯಾ. ನನ್ನನ್ನು ‘ಉಲ್ಯಾನಾ ಅವರೇ’ ಎಂದು ಕರೆಯುತ್ತಾಳೆ, ನಮ್ಮ ಔಷಧದ ಅಂಗಡಿಗೆ ಮೊದಲ ಸಲ ಬಂದ ಗಿರಾಕಿಯ ಹಾಗೆ. ಅವಳ ಮೇಲೆ ನನಗೆ ಬೇಸರವಿಲ್ಲ. ಆ ವಯಸ್ಸಿನಲ್ಲಿ ನಾನಾಗಿದ್ದರೆ ಅಷ್ಟೂ ಕರೆಯುತ್ತಿರಲಿಲ್ಲ.

ಇನ್ನೊಂದು ಮಾತಿದೆ. ಅದನ್ನು ಬರೆಯಲು ಮೂರು ಹಾಳೆ ಹರಿದೆ. ಮದುವೆಯ ನಂತರ ನಾನು ಮೆಲ್ನಿಕ್ ಆಗುವವಳಿದ್ದೇನೆ. ನಿಮಗೆ ನೋವಾಗುತ್ತದೆಂದು ಗೊತ್ತು. ಆದರೆ ಎದೆಯ ಮೇಲೆ ‘ನೆಹಸಿಪಿಚ್’ ಎಂಬ ಪಟ್ಟಿ ಧರಿಸಿ ದಿನವಿಡೀ ನಿಲ್ಲುವವಳು ನಾನು. ‘ಒಲೆ ಆರಿಸಬೇಡ’ ಎಂಬ ಅರ್ಥದ್ದೂ ಒಂದು ಮನೆತನದ ಹೆಸರೇ ಎಂದು ಜನ ನಗುತ್ತಾರೆ. ನಿನ್ನೆಯಷ್ಟೇ ಒಬ್ಬ, “ಏನಮ್ಮಾ, ನೀವು ಕೊಟ್ಟ ಮಾತ್ರೆ ನುಂಗಿದ್ರೆ ಜ್ವರ ಆರೋದೇ ಇಲ್ವೇನೋ!” ಎಂದ. ಶಾಲೆಯಲ್ಲಿ ನನ್ನನ್ನು ‘ಒಲೆ’ ಎಂದೇ ಕರೆಯುತ್ತಿದ್ದರು, ನಿಮಗೆ ಹೇಳಿರಲಿಲ್ಲ. ಯಾರೂ ಎರಡನೆಯ ಸಲ ಕೇಳಿಸಿಕೊಳ್ಳದ ಒಂದು ಸಾದಾ ಹೆಸರಿನಲ್ಲಿ ಉಳಿದ ಬದುಕು ಕಳೆಯುವ ಆಸೆ.

ಹೋಗುವ ಮೊದಲು ನಿಮಗೊಂದು ಉಡುಗೊರೆ ಕೊಡಬೇಕೆಂದಿದ್ದೇನೆ. ಈ ಹೆಸರು ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಸರಿಯಾಗಿ ಹುಡುಕಿ ನಿಮ್ಮ ಕೈಗಿಡುತ್ತೇನೆ. ಬಿಟ್ಟುಹೋಗುವವಳು ಮನೆ ಗುಡಿಸಿ ಹೋಗಬೇಕಲ್ಲವೇ?

ನಿಮ್ಮ,
ಉಲ್ಯಾನಾ

*

ವೆರ್ಬಿವ್ಕಾ,
20 ಫೆಬ್ರವರಿ 2017

ಮಗಳೇ,

ಮದುವೆಯಾಗು. ನಿನ್ನ ಅಮ್ಮನಿದ್ದಿದ್ದರೆ ಊರಿಗೆಲ್ಲ ಹಲುಷ್ಕಿ ಬೇಯಿಸಿ ಬಡಿಸುತ್ತಿದ್ದಳು. ಬಂದ ವರನಿಗೆಲ್ಲ ನೀನು ‘ಒಲ್ಲೆ’ ಎನ್ನುವ ಕುಂಬಳಕಾಯಿ ಕೊಟ್ಟು ಸಾಗಹಾಕಿ, ನಮ್ಮ ಹಿತ್ತಲಲ್ಲಿ ಕುಂಬಳವೇ ಉಳಿದಿಲ್ಲ. ಇವನಿಗಾದರೂ ಕೊಡಲಿಲ್ಲವಲ್ಲ, ಸಂತೋಷ.

ಆದರೆ ಮೆಲ್ನಿಕ್! ಈ ದೇಶದಲ್ಲಿ ಪೇರ್ ಮರ ಅಲ್ಲಾಡಿಸಿದರೆ ಹಣ್ಣಿಗಿಂತ ಮೊದಲು ಮೆಲ್ನಿಕರು ಉದುರುತ್ತಾರೆ. ನಾನು ಅಂಚೆ ಹಂಚುವಾಗ ಒಂದೇ ಬೀದಿಯಲ್ಲಿ ನಾಲ್ಕು ಮನೆ ಮೆಲ್ನಿಕರದು. ಒಬ್ಬನ ಕಾಗದ ಇನ್ನೊಬ್ಬನಿಗೆ ಹೋಗಿ ಒಮ್ಮೆ ಹೊಡೆದಾಟವೇ ಆಗಿತ್ತು.

ಹುಡುಕುವುದಕ್ಕೆ ಏನಿದೆ? ನಿನಗೆ ತೊಟ್ಟಿಲಲ್ಲೇ ಹೇಳಿದ್ದೇನೆ. ನಮ್ಮ ಮೂಲಪುರುಷ ಕೊಸಾಕ್ ಸವಾರ. ಹುಲ್ಲುಗಾವಲಿನ ಕಾವಲುಗೋಪುರದಲ್ಲಿ ಬೆಂಕಿ ಕಾಯುತ್ತಿದ್ದವನು. ಶತ್ರುಗಳು ಸುತ್ತುವರಿದಾಗ ಜೊತೆಯವರೆಲ್ಲ ಓಡಿದರೂ ಇವನು ಬೆಂಕಿ ಆರಲು ಬಿಡಲಿಲ್ಲ. ಅದಕ್ಕೇ ಈ ಹೆಸರು. ಅದು ಅವನಿಂದ ನನ್ನ ತಾತ ಹ್ರಿಹೋರಿಗೆ, ತಾತನಿಂದ ನನ್ನ ಅಪ್ಪನಿಗೆ, ಅಪ್ಪನಿಂದ ನನಗೆ. ನನ್ನ ಬಳಿ ಬಂದು ನಿಂತಿತು.

ಅಂಗಡಿಯ ಮುಂದೆ ನಮ್ಮ ಮುದುಕರ ಬೆಂಚಿನಲ್ಲಿ ಈ ಸುದ್ದಿ ಹೇಳಿದಾಗ ಕಿಂದ್ರಾತ್ ಬಾಯಿ ಹಾಕಿದ. “ಅಳಿಯನ್ನ ಮನೆಗೇ ಕರ್ಕೊಂಡ್ ಬಂದ್ಬಿಡೋ ಒಮೆಲ್ಯಾನ್. ಹೆಸರೂ ಉಳಿಯುತ್ತೆ, ಸೌದೆ ಸೀಳಕ್ಕೆ ಆಳೂ ಆಗುತ್ತೆ.”

“ಮನೆಅಳಿಯನ ರೊಟ್ಟೀನ ನಾಯೀನೂ ಮೂಸಲ್ಲ ಕಣೋ,” ಅಂದೆ. ಬೆಂಚಿಗೆ ಬೆಂಚೇ ನಕ್ಕಿತು. ಆ ಗಾದೆ ಎತ್ತಿ ಆಡಿ ಎಷ್ಟು ಅಳಿಯಂದಿರ ಮುಖ ಕೆಂಪು ಮಾಡಿದ್ದೇನೋ. ಯಾವ ಮರ್ಯಾದಸ್ಥನನ್ನೂ ಹೆಂಡತಿಯ ಹೆಸರು ಹಾಕಿಕೋ ಎಂದು ನಾನು ಕೇಳುವವನಲ್ಲ. ಆ ಹುಡುಗನಿಗೆ ಈ ವಿಷಯ ಎತ್ತಲೂ ಬೇಡ.

ಅಂಚೆಪೆಟ್ಟಿಗೆಯ ಮೇಲೆ ನಮ್ಮ ಹೆಸರು ಮಾಸಿದೆ. ಪ್ರತಿ ವಸಂತದಲ್ಲಿ ಬಣ್ಣ ಹೊಡೆಯುತ್ತಿದ್ದೆ. ಈ ವರ್ಷ ಬೇಡವೆನಿಸಿತು.

ಆಶೀರ್ವಾದಗಳೊಂದಿಗೆ,
ಅಪ್ಪ

*

ಪೊಲ್ತಾವಾ,
19 ಮಾರ್ಚ್ 2017

ಅಪ್ಪಾ,

ಅಂಚೆಪೆಟ್ಟಿಗೆಯ ಸಾಲನ್ನು ಎಷ್ಟು ಸಲ ಓದಿದೆನೋ. ಸದ್ಯಕ್ಕೆ ಹುಡುಕಿದ್ದನ್ನು ಮಾತ್ರ ಹೇಳುತ್ತೇನೆ.

ಯಾವ ಮನೆತನದವರು ಎಲ್ಲೆಲ್ಲಿ ಎಷ್ಟು ಮಂದಿ ಎಂದು ತೋರಿಸುವ ನಕ್ಷೆಯೊಂದು ಇಂಟರ್‌ನೆಟ್‌ನಲ್ಲಿದೆ. ಸೊಲೊಮಿಯಾಳೇ ತೋರಿಸಿಕೊಟ್ಟಳು. ಮೊದಲು ‘ಮೆಲ್ನಿಕ್’ ಎಂದು ಒತ್ತಿದಳು. ದೇಶಕ್ಕೆ ದೇಶವೇ ದಡಾರ ಎದ್ದಂತೆ ಕೆಂಪಾಯಿತು. ಆಮೇಲೆ ನಮ್ಮ ಹೆಸರು ಒತ್ತಿದಳು. ಎಲ್ಲ ಖಾಲಿ. “ಕಂಪ್ಯೂಟರ್ ಕೆಟ್ಟಿರ್ಬೇಕು,” ಎಂದು ಮಾರ್ಕಿಯಾನ್ ನಕ್ಕರು. ಸೊಲೊಮಿಯಾ ಮಾತ್ರ ಮೂಗು ತಾಗುವಷ್ಟು ಬಗ್ಗಿ ನೋಡಿ, “ಇಲ್ಲಿದೆ!” ಎಂದಳು.

ನಮ್ಮ ಜಿಲ್ಲೆಯಲ್ಲಿ ಇಬ್ಬರು, ನೀವು ಮತ್ತು ನಾನು. ಇನ್ನೊಂದು ಚುಕ್ಕೆ ಬಹುದೂರ, ದಕ್ಷಿಣದ ಹೆರ್ಸೊನ್ ಕಡೆ ಸೊಲೊನೆ ಎಂಬ ಹಳ್ಳಿಯಲ್ಲಿ. ಅಲ್ಲಿ ಒಂಬತ್ತು ಮಂದಿ! ಹೆಸರು ನಿಮ್ಮ ಬಳಿ ಬಂದು ನಿಂತಿತು ಎಂದಿರಲ್ಲ ಅಪ್ಪಾ, ಹಾಗಾದರೆ ಅವರು ಯಾರು?

ಹೆಸರುಗಳ ಬಗ್ಗೆ ಬಲ್ಲ ವಿದ್ವಾಂಸರೊಬ್ಬರನ್ನು ಕೇಳಿದೆ. ‘ಕೊಸಾಕರ ಅಡ್ಡಹೆಸರು ಇರಬಹುದು, ಇಲ್ಲದೆಯೂ ಇರಬಹುದು’ ಎಂದು ಎರಡೂ ದಡಕ್ಕೆ ಕಾಲಿಟ್ಟು ಉತ್ತರಿಸಿದರು. ಹಾಗಾಗಿ ಸೊಲೊನೆಗೇ ಪತ್ರ ಹಾಕಿದೆ. ‘ನೆಹಸಿಪಿಚ್ ಮನೆಯವರಿಗೆ’ ಎಂದಷ್ಟೇ ವಿಳಾಸ. ಒಳ್ಳೆಯ ಅಂಚೆಯವನಿಗೆ ಅಷ್ಟು ಸಾಕು ಎನ್ನುತ್ತಿದ್ದಿರಿ.

ಒಂದು ಪ್ರಶ್ನೆ. ನಿಮ್ಮನ್ನು ಸಾಕಿದ ಮೋತ್ರಿಯಾ ಅಜ್ಜಿಗೆ ತಂಗಿಯೊಬ್ಬಳಿದ್ದಳು, ಗಾಡಿ ಕಟ್ಟಿಕೊಂಡು ದಕ್ಷಿಣಕ್ಕೆ ಹೋದಳು ಎಂದು ಹೇಳಿದ ನೆನಪು. ಅವಳ ಹೆಸರೇನು?

ನಿಮ್ಮ,
ಉಲ್ಯಾನಾ

*

ವೆರ್ಬಿವ್ಕಾ,
27 ಮಾರ್ಚ್ 2017

ಮಗಳೇ,

ಅವಳ ಹೆಸರು ಯಾವ್ದೋಖಾ. ಪೊಕ್ರೊವಾ ಹಬ್ಬ ಬಂದರೆ ಅವಳನ್ನು ನೆನೆದು ಅಜ್ಜಿ ಅಳುತ್ತಿದ್ದಳು. ಆದರೆ ಅವಳು ಅಜ್ಜಿಯ ತಂಗಿ. ನಮ್ಮ ಹೆಸರು ಬಂದದ್ದು ಹ್ರಿಹೋರಿ ತಾತನಿಂದ. ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದವಳು. ಅವಳ ತಂಗಿಗೂ ನಮ್ಮ ಹೆಸರಿಗೂ ಏನು ಸಂಬಂಧ? ಸುಮ್ಮನೆ ಅಂಚೆಚೀಟಿ ಹಾಳು ಮಾಡಬೇಡ.

ಅಪ್ಪ

*

ಸೊಲೊನೆ, ಹೆರ್ಸೊನ್ ಸೀಮೆ,
3 ಮೇ 2017

ಉಲ್ಯಾನಾ, ನನ್ನ ಬಂಗಾರ,

ನನ್ನ ಕಣ್ಣು ಮಂಜು, ನಾನು ಹೇಳ್ತೀನಿ, ಮೊಮ್ಮಗಳು ಬರೀತಾಳೆ. ತಿದ್ದಬೇಡ ಅಂದಿದೀನಿ. ನಿನ್ನ ಕಾಗದ ನಾಲ್ಕು ಮನೆ ಸುತ್ತಿ ಬಂತು, ಎಲ್ರೂ ನಮ್ಮವರೇ, ಎಲ್ರೂ ಒಡೆದು ಓದಿದಾರೆ.

ನಾನು ಪರಾಸ್ಕಾ. ಯಾವ್ದೋಖಾ ನನ್ನ ಅಜ್ಜಿ, ನನ್ನ ತಾಯಿಯ ತಾಯಿ. ಅವಳು ನಿಮ್ಮ ವೆರ್ಬಿವ್ಕಾದವಳು. ‘ನನ್ನ ಅಕ್ಕ ಮೋತ್ರಿಯಾ, ನಾವಿಬ್ರೂ ಒಂದೇ ಒಲೆಯ ಬೆಚ್ಚನೆ ಕಟ್ಟೆ ಮೇಲೆ ಮಲಗಿ ಬೆಳೆದ ನೆಹಸಿಪಿಚ್ ಹೆಣ್ಮಕ್ಕಳು’ ಅಂತ ಸಾಯೋವರೆಗೂ ಹೇಳ್ತಿದ್ಲು. ಹೆಣ್ಮಕ್ಕಳು ಅಂದ್ರೆ ತಿಳೀತಾ? ಹುಟ್ಟುತ್ತಲೇ ಆ ಹೆಸರಿನವರು. ಗಂಡಂದಿರು ಆಮೇಲೆ ಬಂದೋರು. ನಮ್ಮ ತಾತ ಸಾವಾ, ಹ್ರಿತ್ಸೆಂಕೊ ಮನೆಯವನು. ನಿನ್ನ ಅಪ್ಪನ ತಾತ ಹ್ರಿಹೋರಿ, ಕುಂಬಾರರ ಹುಡುಗ. ಇಬ್ರೂ ಈ ಒಲೆ ಮುಂದೆ ಬಂದು ಕೂತ್ಕೊಂಡು ಈ ಹೆಸರು ತಗೊಂಡ್ರು.

ನಮ್ಮಲ್ಲಿ ಇವತ್ತಿಗೂ ಹಂಗೇ. ಗಂಡಾಗ್ಲಿ ಹೆಣ್ಣಾಗ್ಲಿ, ಒಲೆ ಹತ್ರ ಉಳಿದವರದು ಹೆಸರು. ಮದುವೆ ದಿನ ಅಳಿಯ ಒಂದು ಸೌದೆ ತಂದು ಹೊಸಲಿನ ಮೇಲಿಡ್ತಾನೆ. ಒಲೆಗೆ ಹಾಕೋದು ಅವನಲ್ಲ, ಮನೆಯ ಹಿರಿಮಗಳು. ನನ್ನ ಗಂಡ ಸೌದೆ ತಂದಾಗ ಊರವರು ‘ಮನೆಅಳಿಯ’ ಅಂತ ಸಿಳ್ಳೆ ಹೊಡೆದ್ರು. ಅವನು, “ಹೊಡೀರಪ್ಪಾ, ನಿಮ್ಮನೇಲಿ ತಣ್ಣಗೆ ಕೂತು ಹೊಡೀರಿ,” ಅಂದ.

ಹೆಸರು ಹುಟ್ಟಿದ್ದು ಹೀಗೆ ಅಂತ ಯಾವ್ದೋಖಾ ಹೇಳಿದ್ಲು. ಬೆಂಕಿಕಡ್ಡಿ ಇಲ್ಲದ ಕಾಲ. ಒಬ್ಬ ವಿಧವೆ, ನಮ್ಮೆಲ್ಲರ ಮೂಲದ ಅಜ್ಜಿ, ಒಲೆಯ ಬೂದಿ ಕೆಳಗೆ ಕೆಂಡ ಮುಚ್ಚಿಟ್ಟು ವರ್ಷವಿಡೀ ಆರದ ಹಾಗೆ ನೋಡ್ಕೊಳ್ತಿದ್ಲು. ಒಂದು ಚಳಿಗಾಲ ಹಿಮ ಸೂರಿನವರೆಗೆ ಬಂದು ಊರಿನ ಒಲೆಗಳೆಲ್ಲ ಆರಿಹೋದ್ವು. ಇವಳದೊಂದೇ ಉಳೀತು. ಊರೆಲ್ಲ ಮಡಕೆ ಹಿಡ್ಕೊಂಡು ಬಂದು ಕೆಂಡ ತಗೊಂಡು ಹೋಗೋವಾಗ, “ಅಜ್ಜೀ, ನೀನು ಮಾತ್ರ ಒಲೆ ಆರಿಸ್ಬೇಡ,” ಅಂದ್ರಂತೆ. ಅದೇ ಹೆಸರಾಯ್ತು.

ಯಾವ್ದೋಖಾ ಗಾಡಿ ಏರಿದಾಗ ಮೋತ್ರಿಯಾ ಅಮ್ಮನ ಒಲೆಯಿಂದ ಕೆಂಡ ತೆಗೆದು ಕೊಟ್ಲು. ಅದನ್ನ ಇಡೋಕೆ ಹ್ರಿಹೋರಿ ದಪ್ಪ ಗೋಡೆಯ ಮಡಕೆ ಮಾಡ್ಕೊಟ್ಟ. ದಾರಿಯುದ್ದಕ್ಕೂ ಅದಕ್ಕೆ ಪುಳ್ಳೆ ತಿನ್ನಿಸ್ತಾ ಮಗು ಥರ ಸಾಕ್ಕೊಂಡು ಬಂದ್ಲು. ಆ ಮಡಕೆ ನನ್ನ ಹತ್ರ ಇದೆ. ಹಿಡಿಯ ಬುಡದಲ್ಲಿ ಹ್ರಿಹೋರಿಯ ಎರಡು ಹೆಬ್ಬೆರಳ ಗುರುತು, ಒಂದರ ಪಕ್ಕ ಒಂದು. ಅವನು ಮಾಡಿದ್ದಕ್ಕೆಲ್ಲ ಹಂಗೇ ಒತ್ತಿದ್ನಂತೆ.

ನಿನ್ನ ಮನೆಯ ಪರಾಸ್ಕಾ ಅಜ್ಜಿ

*

ಪೊಲ್ತಾವಾ,
14 ಮೇ 2017

ಅಪ್ಪಾ,

ಪರಾಸ್ಕಾ ಅಜ್ಜಿಯ ಪತ್ರವನ್ನು ಹಾಗೆಯೇ ಲಗತ್ತಿಸಿದ್ದೇನೆ. ಸಾರಾಂಶ ಹೇಳಿ ನಿಮ್ಮನ್ನು ಸಮಾಧಾನಪಡಿಸಬಹುದಿತ್ತು. ಅದು ಸರಿಯೆನಿಸಲಿಲ್ಲ.

ನಾನು ಕೊಡಲು ಹೊರಟಿದ್ದ ಉಡುಗೊರೆ ಇದಾಗಿರಲಿಲ್ಲ. ಇದನ್ನು ಓದಿದರೆ ಕಾವಲುಗೋಪುರದ ಆ ಸವಾರ ಕುದುರೆ ಇಳಿದು ಹೋಗಿಬಿಡುತ್ತಾನೆ. ಅವನೊಡನೆ ನೀವು ಎಪ್ಪತ್ತು ವರ್ಷ ಬಾಳಿದ್ದೀರಿ. ಅದೂ ಅಲ್ಲದೆ ಹ್ರಿಹೋರಿ ತಾತ ಮನೆಅಳಿಯ, ನೀವು ಬೆಂಚಿನಲ್ಲಿ ಕೂತು ನೋಡಿ ನಗುತ್ತಿದ್ದಂಥವರಲ್ಲೊಬ್ಬ.

ಇಷ್ಟೆಲ್ಲ ಗೊತ್ತಿದ್ದೂ, ಪತ್ರ ಓದಿ ಮುಗಿಸಿದಾಗ ನನಗೆ ಅಂಗಡಿಯಲ್ಲೇ ಕೂಗಬೇಕೆನಿಸುವಷ್ಟು ಖುಷಿಯಾಯಿತು. ಏಕೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಯಾರೋ ಗಂಡಸು ಗೆದ್ದ ಹೆಸರನ್ನು ನಾನು ಹೊತ್ತು ತಿರುಗುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ನೋಡಿದರೆ, ನನ್ನಂಥ ಒಬ್ಬ ಹೆಂಗಸು ಬೆಳಗಾಗೆದ್ದು ಬೂದಿ ಸರಿಸಿ ಊದಿ ಉಳಿಸಿಕೊಂಡ ಹೆಸರು. ಎದೆಯ ಮೇಲಿನ ಪಟ್ಟಿಯನ್ನು ಇವತ್ತು ಒರೆಸಿ ನೇರ ಮಾಡಿಕೊಂಡೆ.

ನಿಮಗೆ ಏನನಿಸಿತು, ಬರೆಯಿರಿ. ಬೈದರೂ ಸರಿ.

ಉಲ್ಯಾನಾ

*

ಪೊಲ್ತಾವಾ,
16 ಜುಲೈ 2017

ಅಪ್ಪಾ,

ಎರಡು ತಿಂಗಳಾಯಿತು. ಫೋನ್ ಮಾಡಿದರೆ ‘ಟೊಮೇಟೊ ಚೆನ್ನಾಗಿ ಬಂದಿದೆ’ ಎನ್ನುತ್ತೀರಿ, ‘ಇಲ್ಲಿ ಸೆಕೆ’ ಎನ್ನುತ್ತೀರಿ. ಆ ಪತ್ರದ ಮಾತಿಲ್ಲ.

ಹೋದ ವಾರ ಊಟದ ಹೊತ್ತಿಗೆ ಮಾರ್ಕಿಯಾನ್ ಇದ್ದಕ್ಕಿದ್ದಂತೆ, “ಲೆಕ್ಕ ಹಾಕಿ ನೋಡ್ದೆ ಉಲ್ಯಾನಾ. ಇಷ್ಟೊಂದು ಮೆಲ್ನಿಕರಲ್ಲಿ ಒಬ್ಬ ಕಾಣೆಯಾದ್ರೆ ಯಾರಿಗೆ ಗೊತ್ತಾಗುತ್ತೆ? ನಿಮ್ಮಲ್ಲಿ ಒಬ್ಬ ಬಂದ್ರೆ ನಕ್ಷೇನೇ ಬದಲಾಗುತ್ತೆ,” ಎಂದರು. ನಾನು ಕೇಳಿರಲಿಲ್ಲ. ಕೇಳಬೇಡವೆಂದು ನೀವು ಹೇಳಿದ್ದನ್ನು ಪಾಲಿಸಿದ್ದೆ.

ನಾನು ಹೂಂ ಎನ್ನಲಿಲ್ಲ. ನಿಮ್ಮಿಂದ ಉತ್ತರ ಬರುವವರೆಗೆ ಕಾಯೋಣವೆಂದೆ. ನಿಮ್ಮ ಬೆಂಚಿನ ಗಾದೆಗೆ ಅವರನ್ನು ಬಲಿ ಕೊಡಲಾರೆ. ಈ ಹೆಸರು ಉಳಿಯಬೇಕಾದರೆ ಅವರು ನಿಮ್ಮ ಮನೆಯ ಹೊಸಲನ್ನು ತಲೆಯೆತ್ತಿ ದಾಟಬೇಕು. ಇಲ್ಲವಾದರೆ ನಾನು ಮೆಲ್ನಿಕ್ ಆಗುತ್ತೇನೆ. ಈಗ ಅದು ನನಗೆ ಇಷ್ಟವಿಲ್ಲ, ಆದರೂ ಆಗುತ್ತೇನೆ.

ಕಾಯುತ್ತಿರುವ,
ಉಲ್ಯಾನಾ

*

ವೆರ್ಬಿವ್ಕಾ,
3 ಸೆಪ್ಟೆಂಬರ್ 2017

ಮಗಳೇ ಉಲ್ಯಾನಾ,

ನಿನ್ನ ಮೇಲೆ ಕೋಪ ಬಂದಿತ್ತು. ಆಮೇಲೆ ಪರಾಸ್ಕಾಳ ಮೇಲೆ, ಅದೂ ಮುಗಿದ ಮೇಲೆ ಸತ್ತುಹೋದ ನನ್ನ ಅಜ್ಜಿಯ ಮೇಲೆ. ಯಾಕೆ ಹೇಳಲಿಲ್ಲ ಅಂತ. ಮತ್ತೆ ಅನಿಸಿತು, ಅವಳು ಹೇಳಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ. ನಾನು ಮದುವೆಯಾಗಿ ಈ ಹೊಸ ಮನೆ ಕಟ್ಟಿದಾಗ ಅವಳು ಹಳೆ ಮನೆಯ ಒಲೆಯಿಂದ ಮಡಕೆ ತುಂಬ ಕೆಂಡ ಹೊತ್ತು, ಬಗ್ಗಿದ ಬೆನ್ನಲ್ಲಿ ಬೀದಿಯುದ್ದಕ್ಕೂ ನಡೆದು ಬಂದಳು. ಜನ ನಕ್ಕರು. “ಅಜ್ಜೀ, ಜೇಬಲ್ಲಿ ಬೆಂಕಿಪೊಟ್ಟಣ ಇದೆ, ಬಾ ಒಳಗೆ,” ಎಂದು ನಾನು ಮುಖ ಸಿಂಡರಿಸಿದೆ. ಅವಳು ಕೆಂಡ ಒಲೆಗಿಟ್ಟು ಊದಿದಳು.

ಆಗಸ್ಟಿನಲ್ಲಿ ಅಟ್ಟ ಹತ್ತಿದೆ. ಮೂಲೆಯಲ್ಲಿ ಹಳೆಯ ಹಾಲಿನ ಹೂಜಿಗಳಿವೆ. ಯಾರು ಮಾಡಿದ್ದೆಂದು ಎಂದೂ ಯೋಚಿಸಿರಲಿಲ್ಲ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಿಡಿಯ ಬುಡದಲ್ಲಿ ಎರಡು ಹೆಬ್ಬೆರಳ ಗುರುತು, ಒಂದರ ಪಕ್ಕ ಒಂದು. ಎಲ್ಲ ಹೂಜಿಗಳಲ್ಲೂ ಹಾಗೇ. ನನ್ನ ಹೆಬ್ಬೆರಳು ಇಟ್ಟು ನೋಡಿದೆ ಉಲ್ಯಾನಾ. ಸರಿಯಾಗಿ ಕೂತಿತು. ತಾತನನ್ನು ನಾನು ಕಂಡವನಲ್ಲ. ಮೊದಲ ಸಲ ಅವನ ಕೈ ಹಿಡಿದ ಹಾಗಾಯಿತು. ಕುದುರೆ ಸವಾರನಿಗೆ ಎಷ್ಟು ವರ್ಷ ಕೈ ಚಾಚಿದ್ದೆ, ಅವನು ಒಮ್ಮೆಯೂ ಕೈ ಕೊಟ್ಟಿರಲಿಲ್ಲ.

ಕೆಳಗಿಳಿದು, ಮುಖ ತೊಳೆದು, ನೆಟ್ಟಗೆ ಬೆಂಚಿಗೆ ಹೋದೆ. ಎಲ್ಲವನ್ನೂ ಹೇಳಿದೆ. ಕಿಂದ್ರಾತ್ ತೊಡೆ ತಟ್ಟಿಕೊಂಡು ನಕ್ಕ.

“ಏನೋ ಒಮೆಲ್ಯಾನ್, ಹಂಗಾದ್ರೆ ನಿಮ್ಮ ಕೊಸಾಕ್ ಲಂಗ ಉಟ್ಟಿದ್ನಾ?”

“ಹೌದು ಕಣೋ,” ಅಂದೆ. “ಆ ಲಂಗ ಹಿಡ್ಕೊಂಡೇ ನಿಮ್ಮ ಮುತ್ತಜ್ಜಿ ಕೆಂಡ ಬೇಡಕ್ಕೆ ಬರ್ತಿದ್ಲು. ಅವಳು ಕೊಡದೆ ಇದ್ದಿದ್ರೆ ನೀನು ಇವತ್ತು ಇಲ್ಲಿ ಕೂತು ಹಲ್ಲು ಬಿಡ್ತಿರ್ಲಿಲ್ಲ.”

ಬೆಂಚಿನವರೆಲ್ಲ ಅವನತ್ತ ತಿರುಗಿದರು. ಆಮೇಲೆ ಎಂತಹ ನಗೆ ಅಂತೀಯ! ಈ ಸಲ ಕಿಂದ್ರಾತನ ಪಾಲಿಗೆ. ಅವನೂ ನಕ್ಕ, ಪಾಪ, ಬೇರೆ ದಾರಿ ಇರಲಿಲ್ಲ.

ಮಾರ್ಕಿಯಾನನಿಗೆ ಹೇಳು, ಪೊಕ್ರೊವಾ ಕಳೆದ ಶನಿವಾರ ಬರಲಿ. ತಲೆಯೆತ್ತಿಕೊಂಡು, ಒಂದು ಒಳ್ಳೆ ಸೌದೆ ತರಲಿ. ಓಕ್ ಮರದ್ದಾದರೆ ಒಳ್ಳೆಯದು.

ಅಂಚೆಪೆಟ್ಟಿಗೆಗೆ ಬಣ್ಣ ತಂದಿದ್ದೇನೆ. ನೀಲಿ.

ಅಪ್ಪ

*

ವೆರ್ಬಿವ್ಕಾ,
24 ಅಕ್ಟೋಬರ್ 2017

ಪರಾಸ್ಕಾ ಅಕ್ಕನಿಗೆ,

ಮೊಣಕಾಲಿನ ನೋವಿನಿಂದ ನಿನಗೆ ಬರಲಾಗಲಿಲ್ಲ. ಆದ್ದರಿಂದ ಮದುವೆಯನ್ನೇ ಕಾಗದದಲ್ಲಿ ಕಳಿಸುತ್ತಿದ್ದೇನೆ.

ರೈಲಿನ ಕಂಡಕ್ಟರಮ್ಮನ ಕೈಲಿ ನೀನು ಕಳಿಸಿದ ಮಡಕೆ ತಲುಪಿತು. ನಿಲ್ದಾಣದಲ್ಲಿ ಅವಳು ಅದನ್ನು ತೋಳಳತೆ ದೂರ ಹಿಡಿದು ನಿಂತಿದ್ದಳು. “ತಗೊಳ್ಳಿ ತಾತಾ ನಿಮ್ಮ ಸೊತ್ತು. ಏನಿದೆ ಅಂತ ಕೇಳಿದ್ರೆ ಆ ಅಜ್ಜಿ ‘ಕೆಂಡ’ ಅನ್ನೋದೇ! ರೈಲು ಸುಡ್ತೀಯಾ ಅಂದೆ. ‘ಈಗ ನಿದ್ದೆ ಮಾಡ್ತಿದೆ ಮಗಳೇ, ಮದುವೆಗೆ ಏಳುತ್ತೆ’ ಅಂದ್ಲು. ದಾರಿಯಿಡೀ ಮುಚ್ಚಳ ತೆಗೆದು ತೆಗೆದು ನೋಡಿದೀನಿ!”

ಗ್ರಾಮ ಕಚೇರಿಯ ಹಾನ್ನಾ ಕನ್ನಡಕ ಏರಿಸಿ, “ಇಲ್ಲಿ ತಿರುಗುಮುರುಗಾಗಿ ಬರ್ದಿದೀರ. ಹುಡುಗನ ಹೆಸರಲ್ವಾ ಉಳಿಯೋದು?” ಎಂದಳು. ಮಾರ್ಕಿಯಾನ್ ಇಡೀ ಕೋಣೆಗೆ ಕೇಳುವಂತೆ, “ಸರಿಯಾಗೇ ಇದೆ ಅಮ್ಮಾ. ನಾನು ನೆಹಸಿಪಿಚ್ ಆಗಕ್ಕೆ ಬಂದಿರೋದು,” ಎಂದ. ಹಾನ್ನಾ ನನ್ನ ಮುಖ ನೋಡಿದಳು. ನಾನು ಟೋಪಿ ತೆಗೆದು ಎದ್ದು ನಿಂತೆ. ನಾನು ಎದ್ದದ್ದು ನೋಡಿ ಬೆಂಚಿನವರೂ ಎದ್ದರು. ಎಲ್ಲರಿಗಿಂತ ಕೊನೆಗೆ ಎದ್ದವನು ಕಿಂದ್ರಾತ್. ಆದರೆ ಎದ್ದ.

ಮನೆಯ ಬಾಗಿಲಲ್ಲಿ ಅವನೇ ಗಾದೆ ಶುರು ಮಾಡಿದ. “ಮನೆಅಳಿಯನ ರೊಟ್ಟೀನ...”

“ರೊಟ್ಟಿ ಬಿಸಿಯಾಗಿದ್ರೆ ಸಾಕು ತಾತಾ,” ಎಂದ ನನ್ನ ಅಳಿಯ. “ಈ ಮನೇಲಿ ಅದಕ್ಕೇನೂ ಕೊರತೆ ಇಲ್ಲವಂತೆ,” ಎಂದು ಓಕ್ ಸೌದೆಯನ್ನು ಹೊಸಲಿನ ಮೇಲಿಟ್ಟ. ಕರುವಿನ ತೂಕದ ಸೌದೆ ಅಕ್ಕಾ! ಸೇತುವೆ ಪರೀಕ್ಷಿಸುವವನಲ್ಲವೇ, ಮುರಿಯುವುದನ್ನು ತರುವವನಲ್ಲ.

ಸೌದೆ ಒಲೆಗೆ ಹಾಕುವ ಹೊತ್ತು ಬಂತು. ಎಲ್ಲರೂ ಉಲ್ಯಾನಾಳತ್ತ ನೋಡಿದರು. ಮನೆಗೆ ಹಿರಿಮಗಳೂ ಅವಳೇ, ಕಿರಿಮಗಳೂ ಅವಳೇ. ಅವಳು ಒಲೆಯ ತನಕ ಹೋಗಿ ನಿಂತುಬಿಟ್ಟಳು. ಅವಳ ಸ್ವಭಾವ ನಿನಗೆ ಗೊತ್ತಿಲ್ಲ, ಹಾಲು ಕುದಿಯುವಾಗಲೂ ಎರಡು ಸಲ ಯೋಚಿಸುತ್ತಾಳೆ. ತಿರುಗಿ, ಮೂಲೆಯ ಬೆಂಚಿನಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದ ಆ ಹುಡುಗಿ ಸೊಲೊಮಿಯಾಳನ್ನು ನೋಡಿದಳು.

“ಇವತ್ತಿಂದ ನಾನು ಈ ಮನೆಯ ಗೃಹಿಣಿ,” ಎಂದಳು. “ಈ ಮನೆಗೆ ಹಿರಿಮಗಳು ಅಂತ ಒಬ್ಬಳು ಬೇಕಲ್ಲ. ನಿನಗೆ ಮನಸ್ಸಿದ್ರೆ ಮಾತ್ರ. ಇಲ್ದಿದ್ರೂ ನನಗೇನೂ ಬೇಜಾರಿಲ್ಲ.”

ಹುಡುಗಿ ಅಪ್ಪನನ್ನು ನೋಡಲಿಲ್ಲ. ಎದ್ದಳು, ಕೋಟು ಬಿಚ್ಚಿದಳು, ತೋಳು ಮಡಚಿದಳು. ನಿನ್ನ ಮಡಕೆಯ ಇದ್ದಿಲನ್ನು ತೆಗೆದು ನನ್ನ ಒಲೆಯ ಕೆಂಡದ ಮೇಲಿಟ್ಟು ಊದಿದಳು. ಬೂದಿ ಕಣ್ಣಿಗೆ ಹಾರಿತು. “ನಿಧಾನಕ್ಕೆ ಊದು, ಅದೇನು ಹುಟ್ಟುಹಬ್ಬದ ಕೇಕಲ್ಲ,” ಅಂದೆ. ನಕ್ಕಳು. ಮತ್ತೆ ಊದಿದಳು. ನಿನ್ನ ಇದ್ದಿಲು ಕೆಂಪಾಯಿತು ಅಕ್ಕಾ. ಯಾವ್ದೋಖಾ ಗಾಡಿಯಲ್ಲಿ ಒಯ್ದ ಬೆಂಕಿ ಮೋತ್ರಿಯಾಳ ಒಲೆಗೆ ತಿರುಗಿ ಬಂತು. ಸೌದೆ ಹೊತ್ತಿಕೊಂಡಾಗ ಇಡೀ ಮನೆ ಕೂಗಿದ ಕೂಗು ನದಿಯಾಚೆ ಕೇಳಿರಬೇಕು.

ನಾನು ಅಳಲಿಲ್ಲ. ಹೊಗೆ ಇತ್ತು.

ಮಡಕೆಯನ್ನು ವಾಪಸ್ಸು ಕಳಿಸುತ್ತಿದ್ದೇನೆ, ನಮ್ಮ ಕೆಂಡ ತುಂಬಿ. ಅದೇ ಕಂಡಕ್ಟರಮ್ಮ ಒಪ್ಪಿದ್ದಾಳೆ. ಅವಳಿಗೂ ಒಂದು ತುಂಡು ಬೇಕಂತೆ.

ನಿನ್ನ ತಮ್ಮ,
ಒಮೆಲ್ಯಾನ್ ನೆಹಸಿಪಿಚ್

*

ಪೊಲ್ತಾವಾ,
19 ನವೆಂಬರ್ 2017

ಅಜ್ಜಾ,

ಮುದ್ರೆ ಬಿದ್ದಿದ್ದರೆ ಮಾತ್ರ ನೀವು ನಂಬುತ್ತೀರಂತೆ, ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಇದು ನನ್ನ ಜೀವನದ ಮೊದಲ ಕಾಗದ. ಅಂಚೆಚೀಟಿ ಎಲ್ಲಿ ಅಂಟಿಸಬೇಕೆಂದು ಉಲ್ಯಾನಾ ತೋರಿಸಿದಳು.

ಹೊಸ ಹೆಸರಿನ ನನ್ನ ಕಾಗದಪತ್ರಗಳೂ ಹೋದ ವಾರ ಬಂದವು. ನಾನೇ ಕೇಳಿ ಮಾಡಿಸಿಕೊಂಡದ್ದು, ಯಾರೂ ಬಲವಂತ ಮಾಡಲಿಲ್ಲ. ನನ್ನ ಅಮ್ಮನ ಫೋಟೊ ನನ್ನ ಮೇಜಿನ ಮೇಲೆ ಇದ್ದಲ್ಲೇ ಇದೆ. ಅದಕ್ಕೆ ಹೊಸ ಚೌಕಟ್ಟು ಉಲ್ಯಾನಾಳೇ ತಂದಳು.

ಸೋಮವಾರ ತರಗತಿಯಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ ಹೊಸ ಹೆಸರು ಓದಿದರು. ಎಲ್ಲರೂ ನಕ್ಕರು. ಹಿಂದಿನ ಬೆಂಚಿನ ದನೀಲೊ, “ಏ ಒಲೆ!” ಎಂದು ಕೂಗಿದ. ಉಲ್ಯಾನಾ ಹೇಳಿದ್ದಳು, ತನಗೂ ಹೀಗೇ ಆಗುತ್ತಿತ್ತು, ತಾನು ತಲೆ ತಗ್ಗಿಸುತ್ತಿದ್ದೆ ಎಂದು. ನಾನು ಎದ್ದು ನಿಂತು ಹಿಂದೆ ತಿರುಗಿ, “ಹೌದು. ಹಿಮ ಬೀಳಲಿ, ಮಡಕೆ ಹಿಡ್ಕೊಂಡು ಯಾರ ಮನೆಗೆ ಬರ್ತೀಯ ನೋಡೋಣ,” ಎಂದೆ. ಮೇಷ್ಟ್ರು ಕೂಡ ನಕ್ಕರು. ಆದರೆ ಅವನನ್ನು ನೋಡಿ.

ಇನ್ನೊಂದು ವಿಷಯ. ಇಂಟರ್‌ನೆಟ್‌ನ ಆ ನಕ್ಷೆಯಲ್ಲಿ ನಮ್ಮವರು ಇನ್ನೂ ಹನ್ನೊಂದು ಮಂದಿ ಎಂದೇ ಇದೆ. ಅದನ್ನು ನಡೆಸುವವರಿಗೆ ಬರೆದು ಹಾಕಿದ್ದೇನೆ: ನಿಮ್ಮ ಲೆಕ್ಕ ತಪ್ಪು, ನಾವು ಹದಿಮೂರು ಮಂದಿ, ದಯವಿಟ್ಟು ತಿದ್ದಿಕೊಳ್ಳಿ.

ಕ್ರಿಸ್‌ಮಸ್ ರಜೆಗೆ ಬರುತ್ತೇವೆ. ಅಲ್ಲಿಯವರೆಗೆ ಒಲೆ ನಿಮ್ಮ ಜವಾಬ್ದಾರಿ. ನಾನು ಬಂದು ಬೂದಿ ಸರಿಸಿ ನೋಡುತ್ತೇನೆ.

ನಿಮ್ಮ ಮನೆಯ ಹಿರಿಯ ಮೊಮ್ಮಗಳು,
ಸೊಲೊಮಿಯಾ ನೆಹಸಿಪಿಚ್